ಮಗುವಿನ ಮನಸ್ಸಿನ ಮಾತು ಬಂದಾಗ ಮಕ್ಕಳ ವೈದ್ಯರೇ ಹಿಂಜರಿದರೆ

ಪ್ರಶ್ನೆ: ನಾವು ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಇದ್ದೇವೆ. ನಾಲ್ಕನೆಯ ತರಗತಿಯಲ್ಲಿರುವ ನಮ್ಮ ಮಗನಿಗೆ ಐದಾರು ತಿಂಗಳಿಂದ ಶಾಲೆಯಿರುವ ದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಅಳುವಷ್ಟು ನೋವು ಬರುತ್ತದೆ, ಕೆಲವೊಮ್ಮೆ ವಾಂತಿಯೂ ಆಗುತ್ತದೆ. ರಜೆಯಲ್ಲಿ ಏನೂ ಇರುವುದಿಲ್ಲ. ಜಂತುಹುಳದ ಔಷಧ ಕೊಟ್ಟಾಯಿತು. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿದೆ ಎಂದು ಬಂತು. ಹುಟ್ಟಿದಾಗಿನಿಂದ ಅವನನ್ನು ನೋಡಿಕೊಂಡು ಬಂದಿರುವ ಮಕ್ಕಳ ವೈದ್ಯರು ‘ಏನೂ ಇಲ್ರಿ, ನಾಟಕ ಮಾಡ್ತಾನ, ನೀವು ಸಲಿಗಿ ಕೊಟ್ಟೀರಿ’ ಎಂದರು. ಮನಸ್ಸಿನ ಡಾಕ್ಟರಿಗೆ ತೋರಿಸಲೇ ಎಂದು ಕೇಳಿದ್ದಕ್ಕೆ, ‘ಇಷ್ಟು ಸಣ್ಣ ಹುಡುಗನ್ನ ಅಲ್ಲಿಗೆ ಯಾಕ ಒಯ್ತೀರಿ, ಒಮ್ಮೆ ಆ ಹೆಸರು ಬಂತಂದ್ರ ಹೋಗೂದಿಲ್ಲ, ದೊಡ್ಡಾವ ಆದ ಮ್ಯಾಲ ತಾನ ಸರಿ ಹೋಗ್ತಾನ’ ಎಂದುಬಿಟ್ಟರು. ರಾಣೆಬೆನ್ನೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಆಟಿಸಂ ಇದೆ. ಅವನಿಗೆ ಜ್ವರ, ನೋವು ಏನೇ ಬಂದರೂ ‘ಈ ಮಕ್ಕಳು ಹಂಗ’ ಎಂದು ದೂರದಿಂದಲೇ ಚೀಟಿ ಬರೆದು ಕಳಿಸುತ್ತಾರಂತೆ. ಓದಿದ ವೈದ್ಯರಲ್ಲೂ ಇಂಥ ಭಾವನೆ ಇರುತ್ತದೆಯೇ? ನಾನು ಯಾರ ಮಾತು ಕೇಳಬೇಕು?

ಉತ್ತರ: ಇರುತ್ತದೆ. ಮಾನಸಿಕ ತೊಂದರೆಗಳ ಬಗ್ಗೆ ಸಮಾಜದಲ್ಲಿರುವ ಅಳುಕು ವೈದ್ಯಕೀಯ ಪದವಿಯ ಜೊತೆಗೆ ತಾನಾಗಿ ಕಳಚಿ ಬೀಳುವುದಿಲ್ಲ. ಹಾಗೆಂದು ನಿಮ್ಮ ವೈದ್ಯರು ನಿಮ್ಮ ಮಗನಿಗೆ ಕೇಡು ಬಯಸಿದರು ಎಂದು ನಾನು ಭಾವಿಸುವುದಿಲ್ಲ. ಅವರು ಅವನನ್ನು ಒಂದು ಹೆಸರಿನಿಂದ ಕಾಪಾಡಲು ಹೊರಟರು, ಮತ್ತು ಹಾಗೆ ಕಾಪಾಡುವ ಭರದಲ್ಲಿ ಅವನಿಗೆ ಸಿಗಬೇಕಾದ ಚಿಕಿತ್ಸೆಯನ್ನೇ ಮುಂದಕ್ಕೆ ಹಾಕಿದರು. ಧಾರವಾಡದಲ್ಲಿ ಮಕ್ಕಳ ಮನೋವೈದ್ಯಕೀಯದಲ್ಲಿ ಕೆಲಸ ಮಾಡುವ ನನಗೆ, ಒರಟು ಮಾತಿಗಿಂತ ಹೆಚ್ಚು ಹಾನಿ ಮಾಡುವುದು ಈ ಅಕ್ಕರೆಯ ಮುಂದೂಡಿಕೆಯೇ ಎಂದು ಕಂಡಿದೆ. ಒರಟು ಮಾತು ಕೇಳಿದ ತಾಯಿ ಬೇರೆ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾಳೆ, ಅಕ್ಕರೆಯ ಮಾತು ಕೇಳಿದವಳು ನಂಬಿ ಮನೆಯಲ್ಲೇ ಉಳಿಯುತ್ತಾಳೆ.

ಮೊದಲು ನಿಮ್ಮ ಮಗನ ನೋವಿನ ವಿಷಯ. ಅದು ನಾಟಕವಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ಅವರ ಸಹೋದ್ಯೋಗಿ ನೋರಾ ನೇಯ್ಶ್ ಅವರು ಸಾವಿರ ಶಾಲಾ ಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಬರುವ ಹೊಟ್ಟೆನೋವು ಇತ್ತು, ಮತ್ತು ಅವರಲ್ಲಿ ಹೆಚ್ಚಿನವರ ಹೊಟ್ಟೆಯಲ್ಲಿ ಯಾವ ಕಾಯಿಲೆಯೂ ಸಿಗಲಿಲ್ಲ. ಕರುಳಿಗೂ ಮೆದುಳಿಗೂ ನರಗಳ ಮೂಲಕ ಎಡೆಬಿಡದ ಸಂಪರ್ಕವಿದೆ. ಆತಂಕ ಹೆಚ್ಚಿದಾಗ ಕರುಳಿನ ಚಲನೆ ಬದಲಾಗುತ್ತದೆ, ಸಾಮಾನ್ಯವಾಗಿ ಗಮನಕ್ಕೇ ಬಾರದ ಹಿಗ್ಗುವಿಕೆ, ಕುಗ್ಗುವಿಕೆಗಳು ನೋವಾಗಿ ಅನುಭವಕ್ಕೆ ಬರುತ್ತವೆ, ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಸ್ಕ್ಯಾನಿಂಗ್ ಅಂಗದ ಆಕಾರವನ್ನು ತೋರಿಸಬಲ್ಲುದೇ ಹೊರತು ನೋವನ್ನು ಅಳೆಯಲಾರದು. ಆದ್ದರಿಂದ ವರದಿ ಸರಿಯಾಗಿದೆ ಎಂಬುದರಿಂದ ತಿಳಿಯುವುದು ಹೊಟ್ಟೆಯ ಅಂಗಗಳು ಸರಿಯಾಗಿವೆ ಎಂಬುದಷ್ಟೆ. ಮಗು ಸುಳ್ಳು ಹೇಳುತ್ತಿದೆ ಎಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ.

ನೋವು ಮಗುವನ್ನು ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ಎತ್ತರ ಬೆಳೆಯುವುದು ನಿಂತರೆ, ಮಲದಲ್ಲಿ ರಕ್ತ ಅಥವಾ ಹಸಿರು ವಾಂತಿ ಕಂಡರೆ, ಬಿಟ್ಟು ಬಿಟ್ಟು ಜ್ವರ ಬಂದರೆ, ಹೊಕ್ಕುಳಿನಿಂದ ದೂರದ ಒಂದೇ ಜಾಗದಲ್ಲಿ ನೋವು ನೆಲೆ ನಿಂತರೆ ಹೊಟ್ಟೆಯ ತಪಾಸಣೆಯನ್ನು ಮತ್ತೆ ಮಾಡಿಸಲೇಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಶಾಲೆಯ ಬೆಳಿಗ್ಗೆ ಬಂದು ರಜೆಯಲ್ಲಿ ಕಾಣೆಯಾಗುವ ನೋವು ಬೊಟ್ಟು ಮಾಡುವುದು ಆತಂಕದ ಕಡೆಗೆ. ಆ ಆತಂಕಕ್ಕೆ ಕಾರಣ ಏನು ಎಂಬುದನ್ನು ಮಾತ್ರ ಪತ್ರ ಓದಿ ಹೇಳಲಾಗದು. ಅಕ್ಷರ ಗುರುತಿಸುವುದೇ ಕಷ್ಟವಾಗುವ ಕಲಿಕಾ ನ್ಯೂನತೆ ಇರಬಹುದು. ಮೂರನೆಯ, ನಾಲ್ಕನೆಯ ತರಗತಿಯಲ್ಲಿ ಓದು ಭಾರವಾದಾಗಲೇ ಅದು ಎದ್ದು ಕಾಣುತ್ತದೆ. ತರಗತಿಯಲ್ಲಿ ಯಾರಾದರೂ ಪೀಡಿಸುತ್ತಿರಬಹುದು. ಶಿಕ್ಷಕರ ಏಟಿನ ಭಯವಿರಬಹುದು, 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದ್ದರೂ. ಮನೆಯಲ್ಲಿ ಯಾರಿಗೋ ಏನೋ ಆಗಿಬಿಡುತ್ತದೆ ಎಂಬ ಅಂಜಿಕೆಯಿಂದ ಹೊಸಿಲು ದಾಟಲಾಗದ ಮಕ್ಕಳೂ ಇದ್ದಾರೆ. ಇವುಗಳಲ್ಲಿ ಯಾವುದು ಎಂದು ಕೇಳಿ ತಿಳಿಯುವ ಕೆಲಸವನ್ನೇ ‘ನಾಟಕ’ ಎಂಬ ಮಾತು ನಿಲ್ಲಿಸಿಬಿಡುತ್ತದೆ.

ಈ ಮಾತು ಬೇರೆ ಯಾರಾದರೂ ಆಡಿದ್ದರೆ ಇಷ್ಟು ತೂಗುತ್ತಿರಲಿಲ್ಲ. ನಮ್ಮ ಭಾಗದಲ್ಲಿ ಮಗುವಿನ ವಿಷಯದಲ್ಲಿ ಮಕ್ಕಳ ವೈದ್ಯರ ಮಾತೇ ಕೊನೆಯದು. ಲಸಿಕೆ ಹಾಕಿದವರು, ಮೊದಲ ಜ್ವರ ಇಳಿಸಿದವರು, ನಡುರಾತ್ರಿ ಸಲೈನ್ ಹಚ್ಚಿ ಜೀವ ಉಳಿಸಿದವರು ಅವರು. ನಮ್ಮ ದೇಶದಲ್ಲಿ ಮನೋವೈದ್ಯರ ಸಂಖ್ಯೆ ಲಕ್ಷ ಜನರಿಗೆ ಒಬ್ಬರನ್ನೂ ಮುಟ್ಟುವುದಿಲ್ಲ, ಅವರಲ್ಲಿ ಮಕ್ಕಳಿಗಾಗಿಯೇ ತರಬೇತಿ ಪಡೆದವರು ಇನ್ನೂ ವಿರಳ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಅಂದಾಜಿಸಿತು. ಇಷ್ಟು ಮಕ್ಕಳಲ್ಲಿ ಹೆಚ್ಚಿನವರು ಮೊದಲು, ಎಷ್ಟೋ ಸಲ ಕೊನೆಗೂ, ಕಾಣುವ ವೈದ್ಯರೆಂದರೆ ಊರಿನ ಮಕ್ಕಳ ತಜ್ಞರೇ. ಅವರು ‘ಇಲ್ಲ’ ಎಂದರೆ ಆ ಮನೆಯಲ್ಲಿ ಮತ್ತೊಮ್ಮೆ ಆ ಪ್ರಶ್ನೆ ಏಳುವುದು ವರ್ಷಗಳ ಮೇಲೆ.

ಆ ವರ್ಷಗಳ ಬೆಲೆ ಏನು ಎಂಬುದು ಆಟಿಸಂನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಸರು ಹಿಡಿದು ಕರೆದರೆ ತಿರುಗದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, ಕಣ್ಣಿಗೆ ಕಣ್ಣು ಕೂಡಿಸದಿರುವುದು ಒಂದೂವರೆ ವರ್ಷದ ಹೊತ್ತಿಗೇ ತಾಯಿಗೆ ಗೊತ್ತಾಗಿರುತ್ತದೆ. ಸರ್ಕಾರಿ ಲಸಿಕಾ ಪಟ್ಟಿಯಂತೆ 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾ ಎರಡನೆಯ ಡೋಸ್ ಮತ್ತು ಡಿಪಿಟಿ ಬೂಸ್ಟರ್‌ಗಾಗಿ ಮಗು ವೈದ್ಯರ ಮುಂದೆ ಬಂದೇ ಬರುತ್ತದೆ. ಆಟಿಸಂನ ಲಕ್ಷಣಗಳನ್ನು ಗುರುತಿಸಲು ಜಗತ್ತಿನಾದ್ಯಂತ ಬಳಸುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯೂ 16ರಿಂದ 30 ತಿಂಗಳ ಮಕ್ಕಳಿಗೆಂದೇ ಮಾಡಿದ್ದು, ತಾಯಿ ಅದನ್ನು ಹೊರಗಿನ ಬೆಂಚಿನ ಮೇಲೆ ಕುಳಿತೇ ತುಂಬಬಹುದು. ಅವಕಾಶವೂ ಸಾಧನವೂ ಒಂದೇ ದಿನ ಒಂದೇ ಕೋಣೆಯಲ್ಲಿದ್ದಾಗಲೂ, ‘ಗಂಡು ಹುಡುಗರು ಮಾತು ತಡಾ ಮಾಡ್ತಾವ್ರಿ, ಇವರಪ್ಪನೂ ತಡಾನ ಮಾತಾಡಿರಬೇಕು’ ಎಂಬ ಸಮಾಧಾನದ ಮಾತಿನಲ್ಲಿ ಆ ದಿನ ಕಳೆದುಹೋಗುತ್ತದೆ. ಮುಂದೆ ಒಂದನೆಯ ತರಗತಿಗೆ ಸೇರಿಸುವಾಗ ಶಾಲೆಯವರು ಆಕ್ಷೇಪ ಎತ್ತಿದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಮಾತು ಮತ್ತು ಒಡನಾಟವನ್ನು ಕಲಿಸುವ ತರಬೇತಿ ಹೆಚ್ಚು ಫಲ ಕೊಡುವ ವಯಸ್ಸು ಅಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಇದು ಹಣದ ಕೊರತೆಯಿಂದಲೋ ಯಂತ್ರದ ಕೊರತೆಯಿಂದಲೋ ಆದ ನಷ್ಟವಲ್ಲ.

ತಾಯಿಯ ಮೇಲೆ ಹೊರಿಸುವ ತಪ್ಪಿನ ಬಗ್ಗೆ ಒಂದು ಮಾತು. ‘ಸಲಿಗಿ ಕೊಟ್ಟೀರಿ’ ಎಂದು ನಿಮಗೆ ಹೇಳಿದರು. ನೌಕರಿಗೆ ಹೋಗುವ ತಾಯಿಗೆ ‘ಮನ್ಯಾಗ ಇರೂದಿಲ್ಲ, ಅದಕ್ಕ’ ಎನ್ನುತ್ತಾರೆ, ಮನೆಯಲ್ಲಿರುವವಳಿಗೆ ‘ಯಾವಾಗಲೂ ಬೆನ್ನ ಹತ್ತತೀರಿ, ಅದಕ್ಕ’ ಎನ್ನುತ್ತಾರೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇವುಗಳಲ್ಲಿ ವಂಶವಾಹಿಗಳ ಪಾತ್ರ ಬಹಳ ದೊಡ್ಡದು ಎಂಬುದು ದಶಕಗಳಿಂದ ಗೊತ್ತಿರುವ ಸಂಗತಿ. ಪಾಲನೆಯ ರೀತಿಯಿಂದ ತೊಂದರೆ ಹೆಚ್ಚಾಗಬಹುದು, ಕಡಿಮೆಯಾಗಬಹುದು, ಆದರೆ ಅದೊಂದೇ ಅವುಗಳನ್ನು ಹುಟ್ಟಿಸುವುದಿಲ್ಲ. ತಪ್ಪು ತನ್ನದೇ ಎಂದು ಒಪ್ಪಿಕೊಂಡ ತಾಯಿ ಮತ್ತೊಬ್ಬ ವೈದ್ಯರ ಮುಂದೆ ಬಾಯಿ ಬಿಡಲು ಹೆದರುತ್ತಾಳೆ.

ಎಲ್ಲ ತೊಂದರೆಗಳನ್ನೂ ಮಕ್ಕಳ ವೈದ್ಯರು ಒಂದೇ ಕಣ್ಣಿನಿಂದ ನೋಡುವುದಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ ಸದಸ್ಯರನ್ನು 2004ರಲ್ಲೂ 2013ರಲ್ಲೂ ಕೇಳಿದಾಗ, ಮಾನಸಿಕ ತೊಂದರೆಗಳನ್ನು ಗುರುತಿಸುವುದು ತಮ್ಮ ಕೆಲಸವೆಂದು ಹೆಚ್ಚಿನವರು ಒಪ್ಪಿದರೂ, ಚಿಕಿತ್ಸೆ ಕೊಡುವುದು ತಮ್ಮ ಕೆಲಸವೆಂದು ಒಪ್ಪಿದ್ದು ಮುಖ್ಯವಾಗಿ ಎಡಿಎಚ್‌ಡಿಯ ವಿಷಯದಲ್ಲಿ ಮಾತ್ರ. ನಮ್ಮಲ್ಲೂ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎಡಿಎಚ್‌ಡಿ, ಆಟಿಸಂಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದ ಮೇಲೆ ಅವುಗಳ ಮಾತು ಸ್ವಲ್ಪ ಸಲೀಸಾಗಿದೆ. ಆತಂಕ, ಖಿನ್ನತೆ, ಕೈ ಕೊಯ್ದುಕೊಳ್ಳುವುದು ಇವುಗಳ ವಿಷಯಕ್ಕೆ ಬಂದರೆ ದನಿ ಬದಲಾಗುತ್ತದೆ. ಎಡಿಎಚ್‌ಡಿ, ಆಟಿಸಂಗಳು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂಬ ಕಾರಣಕ್ಕೆ ಮರ್ಯಾದೆ ಪಡೆದರೆ, ಇವು ಗುಣದ, ಸ್ವಭಾವದ ದೋಷಗಳು ಎಂಬ ತಪ್ಪು ಕಲ್ಪನೆ ಉಳಿದುಕೊಂಡಿದೆ.

ಔಷಧದ ವಿಷಯದಲ್ಲಿ ಈ ಭೇದ ಇನ್ನೂ ಎದ್ದು ಕಾಣುತ್ತದೆ. ಮೂರ್ಛೆ ರೋಗವಿರುವ ಮಗುವಿಗೆ ವ್ಯಾಲ್‌ಪ್ರೊಯೇಟ್ ಅನ್ನು ವರ್ಷಗಟ್ಟಲೆ ಬರೆಯಲು ಮಕ್ಕಳ ವೈದ್ಯರು ಅಳುಕುವುದಿಲ್ಲ; ಅದು ಎರಡು ವರ್ಷದೊಳಗಿನ ಮಕ್ಕಳ ಯಕೃತ್ತಿಗೆ ಅಪಾಯಕಾರಿ ಆಗಬಲ್ಲದು ಎಂಬುದು ಅವರಿಗೆ ಗೊತ್ತಿದೆ, ಗೊತ್ತಿದ್ದೇ ಎಚ್ಚರದಿಂದ ಕೊಡುತ್ತಾರೆ. ಅದೇ ವೈದ್ಯರು ಆತಂಕಕ್ಕೆ ನಾವು ಬರೆದ ಸರ್ಟ್ರಲೀನ್ ಚೀಟಿ ನೋಡಿ ‘ಈ ಗುಳಿಗಿ ಚಟಾ ಆಗತಾವ, ಬಿಡಿಸ್ರಿ’ ಎಂದು ತಾಯಿಗೆ ಹೇಳಿದ ಪ್ರಸಂಗಗಳನ್ನು ನಾನು ಬಲ್ಲೆ. ಸರ್ಟ್ರಲೀನ್ ಚಟ ಹಿಡಿಸುವ ಔಷಧವಲ್ಲ. ಎಚ್ಚರ ಬೇಕೇ ಎಂದರೆ ಬೇಕು: ಈ ಬಗೆಯ ಔಷಧಗಳನ್ನು ಶುರು ಮಾಡಿದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಕಡ್ಡಾಯ ಎಚ್ಚರಿಕೆ ಹಾಕಿಸಿತು. ಆಗ ಒಟ್ಟುಗೂಡಿಸಿ ನೋಡಿದ ಪ್ರಯೋಗಗಳಲ್ಲಿ ಅಂಥ ಯೋಚನೆ ಅಥವಾ ವರ್ತನೆ ಔಷಧ ತೆಗೆದುಕೊಂಡವರಲ್ಲಿ ಶೇ 4, ಹುಸಿ ಗುಳಿಗೆ (ಹೋಲಿಕೆಗಾಗಿ ಕೊಡುವ, ಔಷಧವಿಲ್ಲದ ಗುಳಿಗೆ) ತೆಗೆದುಕೊಂಡವರಲ್ಲಿ ಶೇ 2 ಕಂಡಿತ್ತು, ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. ಇದು ಮಗುವನ್ನು ವಾರವಾರ ಕರೆದು ನೋಡಲು ಕಾರಣವಾಗಬೇಕು. ಯಕೃತ್ತಿಗೆ ತೋರುವ ಎಚ್ಚರವೂ ಮನಸ್ಸಿಗೆ ತೋರುವ ಎಚ್ಚರವೂ ಒಂದೇ ಬಗೆಯದಾಗಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಇನ್ನೊಂದು ಹಿಂಜರಿಕೆ ಜೀವಕ್ಕೇ ಸಂಬಂಧಿಸಿದ್ದು. ಹದಿಮೂರು, ಹದಿನಾಲ್ಕರ ಮಗುವನ್ನು ‘ಸಾಯಬೇಕು ಅಂತ ಎಂದಾದರೂ ಅನಿಸಿದೆಯೇ’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾಗುತ್ತದೆ ಎಂದು ಅನೇಕ ವೈದ್ಯರು ನಂಬಿದ್ದಾರೆ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲೀ ಆ ಯೋಚನೆಯಾಗಲೀ ಹೆಚ್ಚಲಿಲ್ಲ; ಖಿನ್ನತೆಯಿದ್ದವರಿಗೆ ಕೇಳಿದ್ದರಿಂದ ಸ್ವಲ್ಪ ಹಗುರಾಯಿತು. ಮನೆಯ ಕೀಟನಾಶಕವನ್ನು ಕುಡಿದ ಹುಡುಗಿಯನ್ನು ತುರ್ತು ವಿಭಾಗದಲ್ಲಿ ಬದುಕಿಸಿ, ಯಾಕೆ ಕುಡಿದೆ ಎಂದು ಒಮ್ಮೆಯೂ ಕೇಳದೆ, ‘ತಪ್ಪಿ ಕುಡಿದದ್ದು’ ಎಂದು ಬರೆದು ಮನೆಗೆ ಕಳಿಸುವುದು ಕರುಣೆಯೆಂದು ಯಾರಾದರೂ ತಿಳಿದಿದ್ದರೆ, ಅದೇ ಡಬ್ಬಿ ಅದೇ ಮೂಲೆಯಲ್ಲಿ ಅವಳಿಗಾಗಿ ಉಳಿದಿರುತ್ತದೆ ಎಂಬುದನ್ನು ಅವರು ಯೋಚಿಸಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಹೇಳಿರುವುದರಿಂದ ಪೊಲೀಸ್ ಕೇಸಿನ ಹೆದರಿಕೆಯೂ ಈಗ ನೆಪವಾಗಬಾರದು.

ನಿಮ್ಮ ತಂಗಿಯ ಮಗನಿಗೆ ಆಗುತ್ತಿರುವುದು ಇದರ ಇನ್ನೊಂದು ಮುಖ. ನಿಮ್ಮ ಮಗನ ಮನಸ್ಸಿನ ತೊಂದರೆಯನ್ನು ಯಾರೂ ಕಾಣುತ್ತಿಲ್ಲ. ತಂಗಿಯ ಮಗನಲ್ಲಿ ಮನಸ್ಸಿನ ತೊಂದರೆಯನ್ನು ಬಿಟ್ಟು ಬೇರೇನನ್ನೂ ಕಾಣುತ್ತಿಲ್ಲ. ಆಟಿಸಂ ಇರುವ, ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ ಕಿವಿ ಸೋರುತ್ತಿರಬಹುದು, ದವಡೆಯ ಹಲ್ಲು ಹುಳುಕಾಗಿರಬಹುದು, ವಾರದಿಂದ ಮಲ ಕಟ್ಟಿರಬಹುದು. ಮಲಬದ್ಧತೆ, ನಿದ್ದೆಯ ತೊಂದರೆ, ಮೂರ್ಛೆ ಈ ಮಕ್ಕಳಲ್ಲಿ ಬೇರೆ ಮಕ್ಕಳಿಗಿಂತ ಹೆಚ್ಚು. ಆದ್ದರಿಂದ ಇವರನ್ನು ಇನ್ನೂ ಹೆಚ್ಚು ಜಾಗರೂಕತೆಯಿಂದ ಮುಟ್ಟಿ ನೋಡಬೇಕೇ ಹೊರತು ದೂರದಿಂದ ಚೀಟಿ ಬರೆದು ಕಳಿಸಬಾರದು. ವೈದ್ಯರಿಗೂ ಕಷ್ಟವಿದೆ ಎಂಬುದನ್ನು ಒಪ್ಪುತ್ತೇನೆ: ಮಗು ಕಿರುಚುತ್ತದೆ, ಕೈ ತಳ್ಳುತ್ತದೆ, ಹೊರಗೆ ನಲವತ್ತು ಮಂದಿ ಕಾಯುತ್ತಿರುತ್ತಾರೆ. ನಿಮ್ಮ ತಂಗಿ ಜನಸಂದಣಿ ಇಲ್ಲದ ಹೊತ್ತಿನಲ್ಲಿ ಮೊದಲ ಅಥವಾ ಕೊನೆಯ ಸರದಿ ಕೇಳಿಕೊಳ್ಳಲಿ, ಮನೆಯಲ್ಲಿ ಆಟಿಕೆಯ ಸ್ಟೆತಾಸ್ಕೋಪು ಹಿಡಿದು ಅಭ್ಯಾಸ ಮಾಡಿಸಲಿ, ‘ಇವನ ದಿನನಿತ್ಯದ ನಡವಳಿಕೆ ಇಂಥದ್ದು, ಮೂರು ದಿನದಿಂದ ಬದಲಾಗಿದ್ದು ಇದು’ ಎಂದು ಎರಡು ಸಾಲು ಬರೆದು ಒಯ್ಯಲಿ. ‘ಕಿವಿ, ಹಲ್ಲು, ಹೊಟ್ಟೆ ನೋಡಿ ಹೇಳ್ರಿ’ ಎಂದು ಅಂಗದ ಹೆಸರು ಹಿಡಿದು ಕೇಳಿದರೆ ಅಲ್ಲಗಳೆಯುವುದು ಯಾವ ವೈದ್ಯರಿಗೂ ಸುಲಭವಲ್ಲ.

ಇಷ್ಟು ಓದಿದವರಲ್ಲಿ ಇದು ಎಲ್ಲಿಂದ ಬರುತ್ತದೆ ಎಂದು ನೀವು ಕೇಳಿದ್ದೀರಿ. ಮನೋವೈದ್ಯಕೀಯಕ್ಕೆ ಎಂಬಿಬಿಎಸ್‌ನಲ್ಲಿ ಪ್ರತ್ಯೇಕ ಪರೀಕ್ಷೆ ಇಲ್ಲ, ಅದರ ಪ್ರಶ್ನೆಗಳು ಜನರಲ್ ಮೆಡಿಸಿನ್ ಪತ್ರಿಕೆಯೊಳಗೆ ಒಂದು ಮೂಲೆಯಲ್ಲಿ ಬರುತ್ತವೆ. ವಿದ್ಯಾರ್ಥಿ ಕೆಲವೇ ವಾರ ಆ ವಾರ್ಡಿಗೆ ಹೋಗುತ್ತಾನೆ, ಅಲ್ಲಿ ಕಾಣುವುದು ತೀವ್ರ ಸ್ಥಿತಿಯಲ್ಲಿ ದಾಖಲಾದ ವಯಸ್ಕರನ್ನು. ಚಿಕಿತ್ಸೆ ಪಡೆದು ಕಾಲೇಜಿಗೆ ಹೋಗುತ್ತಿರುವ ಹುಡುಗಿಯನ್ನು, ಮತ್ತೆ ಶಾಲೆಗೆ ಹೊರಟ ಹುಡುಗನನ್ನು ಅವನು ಕಾಣುವುದೇ ಇಲ್ಲ. ಮುಂದೆ ಮಕ್ಕಳ ವಿಭಾಗದ ಎಂಡಿಯ ಮೂರು ವರ್ಷಗಳು ಬಹುಪಾಲು ನವಜಾತ ಶಿಶುಗಳ ಆರೈಕೆ, ಸೋಂಕು, ತುರ್ತು ಚಿಕಿತ್ಸೆಗಳಲ್ಲಿ ಕಳೆಯುತ್ತವೆ, ಅದು ತಪ್ಪೂ ಅಲ್ಲ. ಹೀಗೆ ತಯಾರಾದವರು ಗದಗ, ಹಾವೇರಿಯಂಥ ಊರಿನಲ್ಲಿ ಬೋರ್ಡು ಹಾಕಿದಾಗ, ಮಗುವಿನ ಆತಂಕದ ಬಗ್ಗೆ ಕೇಳಲು ಬೇಕಾದ ಇಪ್ಪತ್ತು ನಿಮಿಷ ಅವರ ಬಳಿ ಇರುವುದಿಲ್ಲ, ಕೇಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಯಾರೂ ಕಲಿಸಿರುವುದಿಲ್ಲ. ತನ್ನ ಕೈಯಲ್ಲಿ ಪರಿಹಾರವಿಲ್ಲದ ತೊಂದರೆಯನ್ನು ತೊಂದರೆಯೇ ಅಲ್ಲ ಎಂದುಕೊಳ್ಳುವುದು ಮನುಷ್ಯ ಸಹಜ.

ಇದರ ಜೊತೆಗೆ ಮನೆಯವರ ಭಯವೂ ಸೇರಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಿಂದ ಮಾನಸಿಕ ಆಸ್ಪತ್ರೆಯಿರುವ ಊರು ಧಾರವಾಡ. ಸುತ್ತಲಿನ ಜಿಲ್ಲೆಗಳಲ್ಲಿ ‘ಧಾರವಾಡಕ್ಕ ಒಯ್ಯಬೇಕು’ ಎಂಬ ಮಾತಿನಲ್ಲಿ ಏನು ಅಡಗಿದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮನೋವೈದ್ಯರ ಹೆಸರು ಎತ್ತಿದರೆ ಅಜ್ಜ ಸಿಟ್ಟಾಗುತ್ತಾನೆ, ತಂದೆ ಮಗುವನ್ನು ಎತ್ತಿಕೊಂಡು ಬೇರೆ ಡಾಕ್ಟರ ಬಳಿ ಹೋಗುತ್ತಾನೆ ಎಂದು ವೈದ್ಯರು ಊಹಿಸಿ ಸುಮ್ಮನಾಗುತ್ತಾರೆ. ವೈದ್ಯರೇ ಹೇಳಲಿಲ್ಲವೆಂದ ಮೇಲೆ ಅದು ಹೇಳಬಾರದ ವಿಷಯವೇ ಇರಬೇಕು ಎಂದು ಮನೆಯವರು ಊಹಿಸುತ್ತಾರೆ. ಇಬ್ಬರ ಮೌನವೂ ಒಬ್ಬರಿಂದೊಬ್ಬರಿಗೆ ಬಲ ಪಡೆಯುತ್ತದೆ. ನೀವು ಆ ಮೌನವನ್ನು ಮುರಿದು ಬಾಯಿಬಿಟ್ಟು ಕೇಳಿದಿರಿ, ಆದ್ದರಿಂದಲೇ ಅವರ ಉತ್ತರ ನಿಮಗೆ ಅಷ್ಟು ನೋವು ಕೊಟ್ಟಿತು.

‘ಒಮ್ಮೆ ಆ ಹೆಸರು ಬಂದರೆ ಹೋಗುವುದಿಲ್ಲ’ ಎಂಬ ಅವರ ಮಾತು ಕಾನೂನಿನ ಪ್ರಕಾರವೂ ಸರಿಯಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಚಿಕಿತ್ಸೆಯಲ್ಲಿ ಮಾನಸಿಕ ಕಾಯಿಲೆಯವರನ್ನು ದೈಹಿಕ ಕಾಯಿಲೆಯವರಿಗೆ ಸಮನಾಗಿ ಕಾಣಬೇಕು ಎಂದು 21ನೆಯ ಕಲಂನಲ್ಲೂ, ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕು ಎಂದು 23ನೆಯ ಕಲಂನಲ್ಲೂ ಹೇಳುತ್ತದೆ. ಹೊರರೋಗಿಯಾಗಿ ತೋರಿಸಿಕೊಂಡ ಮಗುವಿನ ಚೀಟಿ ನಿಮ್ಮ ಕೈಯಲ್ಲಿರುತ್ತದೆ, ನೀವು ಕೊಡದೆ ಅದು ಶಾಲೆಗೆ ಹೋಗುವುದಿಲ್ಲ. ಹತ್ತನೆಯ ವಯಸ್ಸಿನ ಆತಂಕ ಇಪ್ಪತ್ತೈದರಲ್ಲಿ ನೌಕರಿಗೆ ಅಡ್ಡ ಬರುತ್ತದೆ ಎಂಬುದು ಬರೀ ಭಯ. ನಿಜವಾಗಿ ನಡೆಯುವುದು ಇದಕ್ಕೆ ವಿರುದ್ಧ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 21 ಬಗೆಗಳಲ್ಲಿ ಆಟಿಸಂ, ಬೌದ್ಧಿಕ ನ್ಯೂನತೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಎಲ್ಲವೂ ಸೇರಿವೆ. ನಿಮ್ಮ ಮಗನಿಗೆ ಕಲಿಕಾ ನ್ಯೂನತೆ ಇದೆ ಎಂದಾದರೆ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಸಿಗುವುದು ಅದನ್ನು ಗುರುತಿಸಿ ಬರೆದುಕೊಟ್ಟಾಗಲೇ. ಹೆಸರಿಡದೆ ಬಿಟ್ಟ ಮಗುವಿಗೂ ಶಾಲೆ ಹೆಸರಿಡುತ್ತದೆ: ದಡ್ಡ, ಸೋಮಾರಿ, ಕಳ್ಳನೆವ ಹೇಳುವವ. ಆ ಹೆಸರುಗಳಿಗೆ ಚಿಕಿತ್ಸೆ ಇಲ್ಲ.

ಮಕ್ಕಳ ವೈದ್ಯರು ಬದಲಾಗಬಲ್ಲರೇ ಎಂದರೆ, ಬದಲಾಗಬಲ್ಲರು. ಅದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಸಾಮಾನ್ಯ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಸರಳ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಗಳನ್ನು ಊರಲ್ಲೇ ಗುರುತಿಸಿ ನಿಭಾಯಿಸಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಅದರ ಮೇಲೆ. ಬರೀ ಉಪನ್ಯಾಸದಿಂದ ಧೋರಣೆ ಬದಲಾಗುವುದು ಕಡಿಮೆ. ಮಾನಸಿಕ ತೊಂದರೆಯನ್ನು ಅನುಭವಿಸಿ ಚೇತರಿಸಿಕೊಂಡವರ ಜೊತೆ ನೇರ ಒಡನಾಟವೇ ಕಳಂಕವನ್ನು ಕಳೆಯುವ ಅತ್ಯಂತ ಪರಿಣಾಮಕಾರಿ ದಾರಿ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2022ರಲ್ಲಿ ಹೇಳಿದೆ. ಮಕ್ಕಳ ವೈದ್ಯರ ಮಾಸಿಕ ಸಭೆಯಲ್ಲಿ ಹೊಸ ಆ್ಯಂಟಿಬಯಾಟಿಕ್‌ನ ಮಾತಿನ ಬದಲು ಒಂದು ಸಲವಾದರೂ, ಚೇತರಿಸಿಕೊಂಡ ಹುಡುಗಿಯೊಬ್ಬಳು ಮತ್ತು ಅವಳ ತಾಯಿ ಅರ್ಧ ಗಂಟೆ ಮಾತನಾಡುವಂತಾಗಲಿ ಎಂಬುದು ನನ್ನ ಬಯಕೆ. ಮನೋವೈದ್ಯರ ಕಡೆಯಿಂದಲೂ ಒಂದು ಕೊರತೆ ಇದೆ. ಮಗುವನ್ನು ಕಳಿಸಿಕೊಟ್ಟ ಮಕ್ಕಳ ವೈದ್ಯರಿಗೆ ‘ಇಂಥ ತೊಂದರೆ ಇತ್ತು, ಹೀಗೆ ಮಾಡಿದೆವು, ಈಗ ಹೀಗಿದ್ದಾನೆ’ ಎಂದು ತಿರುಗಿ ಪತ್ರ ಬರೆಯುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೆಳೆದಿಲ್ಲ. ಗುಣವಾದದ್ದನ್ನು ಕಾಣದ ವೈದ್ಯರು ಗುಣವಾಗುತ್ತದೆ ಎಂದು ನಂಬುವುದಾದರೂ ಹೇಗೆ?

ಈಗ ನೀವು ಮಾಡಬೇಕಾದ್ದು. ಮನೋವೈದ್ಯರನ್ನು ಕಾಣಲು ಮಕ್ಕಳ ವೈದ್ಯರ ಚೀಟಿ ಕಡ್ಡಾಯವಲ್ಲ. ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೇ ಮನೋವೈದ್ಯಕೀಯ ವಿಭಾಗವಿದೆ, ಮೊದಲು ಅಲ್ಲಿಗೆ ಹೋಗಬಹುದು. ಕಲಿಕಾ ನ್ಯೂನತೆಯ ಪರೀಕ್ಷೆ ಅಥವಾ ವಾರವಾರದ ಮಾತಿನ ಚಿಕಿತ್ಸೆ (ಮಗುವಿನೊಡನೆ ಮಾತನಾಡುತ್ತಲೇ ಮನಸ್ಸಿನ ತೊಂದರೆಯನ್ನು ಬಗೆಹರಿಸುವ ಚಿಕಿತ್ಸೆ) ಬೇಕೆಂದು ಕಂಡರೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಾದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬನ್ನಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಜ್ಞರು ಬರುತ್ತಾರೆಯೇ ಎಂದು ವಿಚಾರಿಸಿ. ಫೋನಿನಲ್ಲಿ ಸಲಹೆ ಬೇಕೆಂದರೆ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು. ಮಗ ಎಂದಾದರೂ ಬದುಕುವುದು ಬೇಡ ಎಂದರೆ ಸರದಿಗಾಗಿ ಕಾಯದೆ ಆ ದಿನವೇ ಕರೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಹೊಸ ಸ್ಕ್ಯಾನಿಂಗ್ ಬೇಡ, ಏಟು ಬೇಡ, ದೀರ್ಘ ರಜೆಯೂ ಬೇಡ. ಶಾಲೆ ಬಿಟ್ಟಷ್ಟು ದಿನ ಮರಳುವ ಭಯ ಬೆಳೆಯುತ್ತದೆ. ‘ನೋವು ಇರೂದು ಖರೆ, ನಾ ನಂಬತೇನಿ, ಆದರೂ ಹೋಗೂಣು’ ಎಂದು ಹೇಳಿ, ಬೇಕಾದರೆ ಮೊದಲ ವಾರ ಎರಡು ತರಗತಿ ಮಾತ್ರ ಕೂರಿಸಿ, ಶಿಕ್ಷಕರೊಡನೆ ಮೊದಲೇ ಮಾತಾಡಿಕೊಂಡು ಹಂತಹಂತವಾಗಿ ಹೆಚ್ಚಿಸಿ. ತಡೆಯಲಾಗದಷ್ಟು ಹೆದರಿಕೆ ಶಾಲೆಯ ಒಬ್ಬ ವ್ಯಕ್ತಿಯ ಬಗ್ಗೆಯೇ ಇದೆ ಎಂದು ಕಂಡುಬಂದರೆ, ಮೊದಲು ಅದನ್ನು ಬಗೆಹರಿಸಿದ ಮೇಲಷ್ಟೇ ಕಳಿಸಿ.

ಚಿಕಿತ್ಸೆ ಫಲ ಕೊಡುತ್ತದೆಯೇ ಎಂಬ ಅನುಮಾನ ನಿಮಗಿರಬಹುದು. 7ರಿಂದ 17 ವರ್ಷದ 488 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಭಯವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಯೊಂದರಿಂದಲೇ ಸುಮಾರು ಶೇ 60, ಸರ್ಟ್ರಲೀನ್ ಒಂದರಿಂದ ಶೇ 55, ಎರಡೂ ಸೇರಿದಾಗ ಶೇ 81ರಷ್ಟು ಮಕ್ಕಳು ಹನ್ನೆರಡು ವಾರಗಳಲ್ಲಿ ಚೆನ್ನಾಗಿ ಸುಧಾರಿಸಿದರು. ಹುಸಿ ಗುಳಿಗೆಯಿಂದ ಸುಧಾರಿಸಿದ್ದು ಶೇ 24. ನಿಮ್ಮ ಮಗನ ವಯಸ್ಸಿನಲ್ಲಿ ಸಾಮಾನ್ಯವಾಗಿ ಮಾತಿನ ಚಿಕಿತ್ಸೆಯಿಂದಲೇ ಶುರು ಮಾಡುತ್ತೇವೆ.

ಯಾರ ಮಾತು ಕೇಳಬೇಕು ಎಂದು ನೀವು ಕೇಳಿದ್ದೀರಿ. ಹೊಟ್ಟೆಯಲ್ಲಿ ಕಾಯಿಲೆಯಿಲ್ಲ ಎಂಬ ನಿಮ್ಮ ವೈದ್ಯರ ಮಾತನ್ನು ಕೇಳಿ, ಅದನ್ನು ಹೇಳುವ ಅರ್ಹತೆ ಅವರಿಗಿದೆ. ‘ಆದ್ದರಿಂದ ಏನೂ ಇಲ್ಲ’ ಎಂಬ ಮಾತನ್ನು ಬಿಡಿ. ಅವರನ್ನು ಬದಲಾಯಿಸುವ ಅಗತ್ಯವಿಲ್ಲ, ಜ್ವರ, ಕೆಮ್ಮಿಗೆ ಅವರೇ ಬೇಕು. ಮನೋವೈದ್ಯರನ್ನು ಕಂಡ ದಿನ, ನಿಮ್ಮ ಮಕ್ಕಳ ವೈದ್ಯರ ಹೆಸರಿಗೆ ಒಂದು ಪತ್ರ ಬರೆಸಿಕೊಳ್ಳಿ. ತೊಂದರೆ ಏನು, ಏನು ಮಾಡುತ್ತಿದ್ದೇವೆ, ಮತ್ತೆ ನೋವು ಎಂದಾಗ ಅವರು ಏನು ಹೇಳಬೇಕು ಎಂಬುದು ಅದರಲ್ಲಿರಲಿ. ಮೂರು ತಿಂಗಳ ಮೇಲೆ ಮಗ ದಿನವೂ ಶಾಲೆಗೆ ಹೋಗುತ್ತಿದ್ದರೆ, ಅವನನ್ನು ಕರೆದುಕೊಂಡು ಹೋಗಿ ಅವರಿಗೆ ತೋರಿಸಿ ಬನ್ನಿ.